ಬಾವಿಯ ನೀರು, ಶ್ರಾವಕನ ಎಚ್ಚರ

ಬಸದಿಯ ವಾರ್ಷಿಕೋತ್ಸವಕ್ಕೆ ಎಂಟು ದಿನಗಳಿರುವಾಗ ಸೇರುವ ವ್ಯವಸ್ಥಾಪಕ ಮಂಡಳಿಯ ಸಭೆಗಳಲ್ಲಿ ಚರ್ಚೆಗೆ ಬರುವ ವಿಷಯಗಳು ಬಹುತೇಕ ಒಂದೇ ತೆರನಾದವು: ಪಲ್ಲಕ್ಕಿಯ ದುರಸ್ತಿ, ಪೂಜಾದ್ರವ್ಯಗಳ ಸಂಗ್ರಹ, ಪರಸ್ಥಳದಿಂದ ಬರುವ ಸಾಧರ್ಮಿಗಳ ವಸತಿ, ಭೋಜನದ ಏರ್ಪಾಡು. ಇವೆಲ್ಲ ಮುಗಿದು ಜನರು ಏಳುವ ಹೊತ್ತಿಗೆ ಯಾರಾದರೊಬ್ಬರು ಬಾವಿಯ ಮಾತೆತ್ತುತ್ತಾರೆ. ಸಾವಿರಾರು ಜನರ ಊಟಕ್ಕೆ ಬಳಸುವ ನೀರು ಬಸದಿಯ ಬಾವಿಯದು. ಮಳೆಗಾಲ ಕಳೆದು ಹೆಚ್ಚು ದಿನಗಳಾಗಿಲ್ಲ. ಆ ಬಾವಿಗೆ ಬ್ಲೀಚಿಂಗ್ ಪುಡಿ ಹಾಕಿಸಬೇಕೆ?

ಆಗ ಸಭೆ ಎರಡಾಗುತ್ತದೆ. ಒಬ್ಬ ಹಿರಿಯರು ಹೇಳುತ್ತಾರೆ: ಒಂದು ಹನಿ ನೀರಿನಲ್ಲಿ ಅಸಂಖ್ಯಾತ ಜೀವಗಳುಂಟೆಂದು ಮಕ್ಕಳಿಗೆ ಪಾಠಶಾಲೆಯಲ್ಲಿ ಕಲಿಸುತ್ತೇವೆ, ಜಿನೇಂದ್ರನ ಉತ್ಸವದ ನಿಮಿತ್ತವಾಗಿಯೇ ಅವುಗಳಿಗೆ ವಿಷವಿಕ್ಕುವುದು ಯಾವ ಧರ್ಮ? ಇನ್ನೊಬ್ಬರು ಅಷ್ಟೇ ಭಕ್ತಿಯಿಂದ ಉತ್ತರಿಸುತ್ತಾರೆ: ನಂಬಿ ಬಂದ ಮನೆತನಗಳ ಕೂಸುಗಳು ಈ ನೀರು ಕುಡಿದು ವಾಂತಿಭೇದಿಗೆ ತುತ್ತಾದರೆ ಆ ಹಿಂಸೆಯ ಹೊಣೆ ಯಾರದು? ಇದನ್ನು ಶ್ರದ್ಧೆಗೂ ವಿಜ್ಞಾನಕ್ಕೂ ನಡೆದ ಜಗಳವೆಂದು ತಿಳಿಯುವುದು ತಪ್ಪು. ಇಬ್ಬರೂ ಶ್ರದ್ಧಾವಂತರೇ, ಇಬ್ಬರೂ ಅಹಿಂಸೆಯ ಹೆಸರಿನಲ್ಲಿಯೇ ಮಾತನಾಡುತ್ತಿರುವರು. ಆದುದರಿಂದಲೇ ಪ್ರಶ್ನೆ ಸುಲಭವಾಗಿ ಬಗೆಹರಿಯುವುದಿಲ್ಲ, ಮತ್ತು ಅದನ್ನು ಮುಂದಿನ ವರ್ಷಕ್ಕೆ ನೂಕಿ ಏಳುವುದು ಯೋಗ್ಯವೂ ಅಲ್ಲ.

ಮೊದಲು ನೀರಿನಲ್ಲಿರುವುದೇನೆಂದು ನೋಡಬೇಕು. ಹಾಲೆಂಡಿನ ಅರಿವೆ ವ್ಯಾಪಾರಿ ಆಂಟನಿ ವಾನ್ ಲೀವನ್‌ಹುಕ್ ಎಂಬವನು ತಾನೇ ಉಜ್ಜಿ ತಯಾರಿಸಿದ ಗಾಜಿನ ಮಣಿಯ ಮೂಲಕ ನೀರಿನ ಹನಿಯನ್ನು ನೋಡಿ, ಅದರಲ್ಲಿ ಓಡಾಡುವ ಅತಿ ಸಣ್ಣ ಜೀವಿಗಳನ್ನು ಕುರಿತು 1676ರಲ್ಲಿ ಲಂಡನ್ನಿನ ವಿದ್ವತ್ ಸಭೆಗೆ ಪತ್ರ ಬರೆದನು. ಕೆಲವು ವರ್ಷಗಳ ತರುವಾಯ ತನ್ನ ಹಲ್ಲಿನ ಕೊಳೆಯಲ್ಲಿಯೂ ಅಂಥವನ್ನೇ ಕಂಡನು. ಬಾವಿಯಲ್ಲಿರುವುದು ಬಾಯಿಯಲ್ಲಿಯೂ ಇದೆ ಎಂಬುದು ಅಂದಿಗೆ ವಿಸ್ಮಯದ ಸಂಗತಿ. ಇಂದಿನ ಎಣಿಕೆ ಇನ್ನೂ ವಿಸ್ಮಯಕರ. 2016ರಲ್ಲಿ ಪ್ರಕಟವಾದ ಒಂದು ಲೆಕ್ಕದಂತೆ, ಸಾಧಾರಣ ದೇಹದ ಒಬ್ಬ ಮನುಷ್ಯನಲ್ಲಿ ಅವನ ಸ್ವಂತ ಜೀವಕೋಶಗಳು ಸುಮಾರು 30 ಲಕ್ಷ ಕೋಟಿ. ಅವನೊಳಗೆ ನೆಲೆಸಿದ ಬ್ಯಾಕ್ಟೀರಿಯಾಗಳು ಸುಮಾರು 38 ಲಕ್ಷ ಕೋಟಿ. ಎಲ್ಲ ಸೇರಿ ತೂಗಿದರೆ ಕಾಲು ಕಿಲೋವಿಗೂ ಕಡಿಮೆ. ಅವುಗಳಲ್ಲಿ ಅತಿ ಹೆಚ್ಚಿನವು ದೊಡ್ಡ ಕರುಳಿನಲ್ಲಿದ್ದು, ಮನುಷ್ಯನು ತಾನಾಗಿ ಅರಗಿಸಲಾರದ ನಾರನ್ನು ಅರಗಿಸುತ್ತವೆ. ರಕ್ತ ಹೆಪ್ಪುಗಟ್ಟಲು ಬೇಕಾದ ಕೆ ಜೀವಸತ್ವವನ್ನೂ ಕೆಲಮಟ್ಟಿಗೆ ತಯಾರಿಸುತ್ತವೆ. ಹೊರಗಿನಿಂದ ಬಂದ ಅಪಾಯಕಾರಿ ಅಣುಜೀವಿಗೆ ನೆಲೆಯೂರಲು ಸ್ಥಳ ಬಿಡುವುದಿಲ್ಲ. ರೋಗವನ್ನು ತರುವವು ಇಡೀ ಸಮುದಾಯದಲ್ಲಿ ಬಹಳ ಸ್ವಲ್ಪ. ‘ಕ್ರಿಮಿ’ ಎಂಬ ಪದ ಕೇಳಿದೊಡನೆ ಕೊಲ್ಲಬೇಕಾದುದೆಂಬ ಭಾವ ಹುಟ್ಟುವುದು ಸಾಬೂನಿನ ಜಾಹೀರಾತುಗಳು ಕಲಿಸಿದ ಅಭ್ಯಾಸವೇ ಹೊರತು ಶರೀರದ ಅನುಭವವಲ್ಲ.

ಇಲ್ಲಿ ಒಂದು ಎಚ್ಚರಿಕೆಯೂ ಅವಶ್ಯ. ಇಂಥ ಸಂಗತಿಗಳು ತಿಳಿದೊಡನೆ, ಆಗಮಗಳು ಹೇಳುವ ನಿಗೋದ ಜೀವವೆಂದರೆ ಬ್ಯಾಕ್ಟೀರಿಯಾವೇ, ಪ್ರಾಚೀನ ಆಚಾರ್ಯರು ಸೂಕ್ಷ್ಮದರ್ಶಕದ ಮೊದಲೇ ಇದನ್ನು ಕಂಡಿದ್ದರು ಎಂದು ಉತ್ಸಾಹದಿಂದ ಬರೆಯುವವರಿದ್ದಾರೆ. ನಿಗೋದದ ಲಕ್ಷಣ ಬೇರೆ. ಅನಂತ ಜೀವಗಳಿಗೆ ಒಂದೇ ಶರೀರ, ಒಂದೇ ಉಸಿರು, ಒಂದೇ ಆಹಾರ, ಉಸಿರೊಂದು ಮುಗಿಯುವಷ್ಟರಲ್ಲಿ ಅನೇಕ ಹುಟ್ಟುಸಾವು. ಅದು ಜೀವತತ್ತ್ವದ ನಿರೂಪಣೆ. ಬ್ಯಾಕ್ಟೀರಿಯಾ ಎಂಬುದು ಒಂದೇ ಕೋಶದ, ಅಳೆದು ತೂಗಬಹುದಾದ ಒಂದು ದೇಹ. ಅದನ್ನು ಏಕೇಂದ್ರಿಯಗಳಲ್ಲಿ ಸೇರಿಸಬೇಕೆಂಬುದು ಇಂದಿನ ಹಲವರ ಅಭಿಪ್ರಾಯವಾದರೂ ಈ ವಿಷಯದಲ್ಲಿ ಒಮ್ಮತವಿಲ್ಲ. ಎರಡನ್ನೂ ಒಂದೇ ಎನ್ನುವುದರಿಂದ ಆಗಮಕ್ಕೂ ಗೌರವ ಹೆಚ್ಚುವುದಿಲ್ಲ, ವಿಜ್ಞಾನಕ್ಕೂ ಉಪಕಾರವಿಲ್ಲ. ಪ್ರಸ್ತುತ ಪ್ರಶ್ನೆಗೆ ಬೇಕಾದುದಿಷ್ಟೆ: ನೀರಿನಲ್ಲಿ ಕಣ್ಣಿಗೆ ಕಾಣದ ಜೀವಗಳಿವೆ, ಅವುಗಳಲ್ಲಿ ಕೆಲವು ಮನುಷ್ಯನ ದೇಹವನ್ನು ಹೊಕ್ಕರೆ ಪ್ರಾಣಕ್ಕೆ ಅಪಾಯ.

ಆ ಅಪಾಯದ ಬಗೆಯನ್ನು ತಿಳಿಯಲು ಕಾಲರಾಕ್ಕಿಂತ ಸ್ಪಷ್ಟವಾದ ಉದಾಹರಣೆಯಿಲ್ಲ. ಭೀಮಾ ತೀರದ ಜನರಿಗೆ ಇದು ದೂರದ ಕಥೆಯಲ್ಲ. ಹತ್ತೊಂಬತ್ತನೆಯ ಶತಮಾನದಲ್ಲಿ ಪಂಢರಪುರದ ಯಾತ್ರೆಯ ಕಾಲಕ್ಕೆ ಎದ್ದು, ಹಿಂದಿರುಗುವ ಯಾತ್ರಿಕರೊಡನೆ ಹಳ್ಳಿಹಳ್ಳಿಗೆ ಹಬ್ಬುತ್ತಿದ್ದ ಈ ಬೇನೆ ಸರಕಾರಿ ದಾಖಲೆಗಳಲ್ಲಿ ಮತ್ತೆ ಮತ್ತೆ ಕಾಣುತ್ತದೆ. ಮರಾಠಿಯಲ್ಲಿ ಇದಕ್ಕೆ ಪಟಕಿ ಎಂದು ಹೆಸರು. ಬೆಳಿಗ್ಗೆ ಎದ್ದು ಹೊಲಕ್ಕೆ ಹೋದವನು ಸಂಜೆಗೆ ಇಲ್ಲವಾಗುತ್ತಿದ್ದ ಕಾಲವದು. 1884ರಲ್ಲಿ ಜರ್ಮನಿಯ ರಾಬರ್ಟ್ ಕಾಖ್ ಕಲಕತ್ತೆಯಲ್ಲಿ, ರೋಗಿಗಳ ಕರುಳಿನಲ್ಲಿಯೂ ಅವರು ನೀರು ತರುತ್ತಿದ್ದ ಕೆರೆಯಲ್ಲಿಯೂ ಅಲ್ಪವಿರಾಮ ಚಿಹ್ನೆಯಂತೆ ಬಾಗಿದ ಒಂದೇ ಬಗೆಯ ಬ್ಯಾಕ್ಟೀರಿಯಾವನ್ನು ತೋರಿಸಿದನು. ಅದರ ಹೆಸರು ವಿಬ್ರಿಯೊ.

ಈ ವಿಬ್ರಿಯೊ ಮೂಲತಃ ನೀರಿನ ನಿವಾಸಿ. ಬಂಗಾಲದ ನದೀಮುಖಗಳಲ್ಲಿ ಅದು ಮನುಷ್ಯನ ಹಂಗಿಲ್ಲದೆ ಬದುಕುತ್ತದೆ. ಕೋಪಿಪಾಡ್ ಎಂಬ, ಸಾಸಿವೆಗಿಂತ ಚಿಕ್ಕದಾದ ಸೀಗಡಿಯ ಜಾತಿಯ ಜೀವಿಯ ಮೈಗೆ ಅಂಟಿಕೊಂಡು, ಅದು ಕಳಚಿದ ಚಿಪ್ಪನ್ನು ಅರಗಿಸಿ ನೀರಿಗೆ ಮರಳಿಸುವುದು ಅದರ ನಿತ್ಯದ ಕೆಲಸ. ಅಂಥ ನೀರು ಮನುಷ್ಯನ ಹೊಟ್ಟೆಗೆ ಹೋದರೆ ಜಠರದ ಆಮ್ಲದಲ್ಲಿ ಹೆಚ್ಚಿನವು ನಾಶವಾಗುತ್ತವೆ. ಉಳಿದವು ಸಣ್ಣ ಕರುಳಿನ ಗೋಡೆಗೆ ಅಂಟಿ ವೃದ್ಧಿಯಾಗಿ ಒಂದು ವಿಷವಸ್ತುವನ್ನು ಹೊರಬಿಡುತ್ತವೆ. ಆ ವಿಷವು ಕರುಳನ್ನು ಕೊರೆಯುವುದಿಲ್ಲ, ಕೊಳೆಯಿಸುವುದಿಲ್ಲ; ಗೋಡೆಯ ಜೀವಕೋಶದೊಳಗೆ ಸೇರಿ ಒಂದು ಕೀಲನ್ನು ತೆರೆದಲ್ಲಿಯೇ ಬಿಗಿದುಬಿಡುತ್ತದೆ. ಲವಣವು ಹೊರಗೆ ಹರಿಯುತ್ತದೆ, ಲವಣದ ಹಿಂದೆ ನೀರು ಹರಿಯುತ್ತದೆ. ತೀವ್ರವಾದಾಗ ಗಂಟೆಗೆ ಒಂದು ಲೀಟರಿನಷ್ಟು ನೀರು ಶರೀರದಿಂದ ಹೋಗಬಹುದು. ಕಾಲರಾದಲ್ಲಿ ಮನುಷ್ಯನು ಸಾಯುವುದು ನೀರಾರಿ. ಈ ವಿಷವಸ್ತುವಿನ ಇರವನ್ನು ಪ್ರಯೋಗದಿಂದ ಸಾಧಿಸಿ ತೋರಿಸಿದವರು ಕಲಕತ್ತೆಯ ಶಂಭುನಾಥ ಡೇ, 1959ರಲ್ಲಿ. ಅವರ ಕೀರ್ತಿ ಅವರ ಕೆಲಸದಷ್ಟು ಬೆಳೆಯದೆ ಹೋದುದು ಖೇದಕರ.

ಇನ್ನೂ ಒಂದು ಸಂಗತಿಯುಂಟು. ವಿಷವನ್ನು ತಯಾರಿಸುವ ಸೂತ್ರವು ವಿಬ್ರಿಯೊದ ಸ್ವಂತ ಆಸ್ತಿಯಲ್ಲ. ಬ್ಯಾಕ್ಟೀರಿಯಾಗಳನ್ನು ಹೊಗುವ ಒಂದು ವೈರಾಣು ಅದನ್ನು ತಂದು ಸೇರಿಸುತ್ತದೆಂದು 1996ರಲ್ಲಿ ಕಂಡುಬಂದಿತು. ಆ ವೈರಾಣು ಸೋಂಕದ ವಿಬ್ರಿಯೊಗಳು ನೀರಿನಲ್ಲಿ ಬೇಕಾದಷ್ಟಿವೆ, ಅವು ಕಾಲರಾವನ್ನು ತರುವುದಿಲ್ಲ. ಹಾಗಾದರೆ ಅಪರಾಧಿ ಯಾರು? ಕೋಪಿಪಾಡೇ, ಅದಕ್ಕೆ ಅಂಟಿದ ವಿಬ್ರಿಯೊವೇ, ಅದರೊಳಗೆ ಹೊಕ್ಕ ವೈರಾಣುವೇ, ಕೆರೆಯ ದಡದಲ್ಲಿಯೇ ಮಲವಿಸರ್ಜನೆ ಮಾಡಿದ ಮನುಷ್ಯನೇ? ಮೊದಲ ಮೂವರಲ್ಲಿ ಯಾರಿಗೂ ಮನುಷ್ಯನನ್ನು ಕೊಲ್ಲುವ ಇಚ್ಛೆಯಿಲ್ಲ, ಇಚ್ಛಿಸುವ ಸಾಧನವೂ ಇಲ್ಲ. ಜೈನ ಪರಿಭಾಷೆಯಲ್ಲಿ ಅವು ಅಸಂಜ್ಞಿಗಳು, ಅಂದರೆ ಹಿತಾಹಿತಗಳನ್ನು ವಿವೇಚಿಸುವ ಮನಸ್ಸಿಲ್ಲದವು. ಮನುಷ್ಯನೂ ಅಣುಜೀವಿಯೂ ಸಂಧಿಸುವ ಸ್ಥಳದಲ್ಲಿ ಮನಸ್ಸುಳ್ಳವನು ಒಬ್ಬನೇ. ಆದುದರಿಂದ ಅಲ್ಲಿ ಹಿಂಸೆ-ಅಹಿಂಸೆಗಳ ವಿಚಾರವೇನಿದ್ದರೂ ಅವನ ಕಡೆಯಿಂದಲೇ ಆಗಬೇಕು. ಎಷ್ಟು ಜೀವಗಳು ಸತ್ತವೆಂಬ ಲೆಕ್ಕಕ್ಕಿಂತ ಆ ಒಂದು ಮನಸ್ಸು ಆಗ ಎಚ್ಚರವಾಗಿತ್ತೇ ಎಂಬುದು ಮುಖ್ಯವಾಗುತ್ತದೆ.

ಪೂರ್ವಾಚಾರ್ಯರ ನಿಲುವೂ ಇದೇ. ಪ್ರಮಾದದಿಂದ ಕೂಡಿದ ಮನೋವಚನಕಾಯಗಳ ಮೂಲಕ ಪ್ರಾಣಗಳಿಗೆ ಘಾತವಾಗುವುದು ಹಿಂಸೆಯೆಂದು ಉಮಾಸ್ವಾಮಿಗಳು ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ನಿರ್ಣಯಿಸಿದ್ದಾರೆ. ಪ್ರಮಾದವೆಂಬ ಮಾತು ಅಲ್ಲಿ ಮೊದಲಿಗೇ ಬರುತ್ತದೆ. ಎದುರಿನ ಜೀವವು ಸಾಯಲಿ ಬದುಕಲಿ, ಯತ್ನಾಚಾರವಿಲ್ಲದವನಿಗೆ ಹಿಂಸೆ ನಿಶ್ಚಿತವೆಂಬುದು ಕುಂದಕುಂದಾಚಾರ್ಯರ ಪ್ರವಚನಸಾರದ ಅಭಿಪ್ರಾಯ. ಪಂಪನಿಗೆ ಆಶ್ರಯವಿತ್ತ ವೇಮುಲವಾಡದ ಚಾಲುಕ್ಯರ ನೆರಳಿನಲ್ಲಿಯೇ 959ರಲ್ಲಿ ಯಶಸ್ತಿಲಕವನ್ನು ಮುಗಿಸಿದ ಸೋಮದೇವಸೂರಿಗಳು ಇದಕ್ಕೆ ಬೆಸ್ತ ಮತ್ತು ಒಕ್ಕಲಿಗರ ಉದಾಹರಣೆ ಕೊಡುತ್ತಾರೆ. ದಿನವಿಡೀ ಬಲೆ ಬೀಸಿ ಒಂದು ಮೀನೂ ಸಿಕ್ಕದೆ ಮರಳಿದವನು ಕೊಲ್ಲದೆಯೂ ಪಾಪಿ; ನೇಗಿಲ ಕೆಳಗೆ ಹುಳುಗಳು ಸತ್ತರೂ ಅದನ್ನು ಉದ್ದೇಶಿಸದ ರೈತನು ಹಾಗಲ್ಲ. ಸಾವಿರ ವರ್ಷ ಹಳೆಯ ಈ ಉದಾಹರಣೆಗೆ ಇಂದು ಒಂದು ಪ್ರಶ್ನೆಯನ್ನು ಸೇರಿಸಬಹುದು: ನೇಗಿಲು ಹೂಡುವ ಅವಶ್ಯಕತೆಯೇ ಇಲ್ಲದ ಹೊಲವನ್ನು ಸುಮ್ಮನೆ ಉತ್ತವನ ಗತಿಯೇನು? ಇದಕ್ಕೆ ಮುಂದೆ ಬರಬೇಕಾಗುತ್ತದೆ.

ಈಗ ಅರಿವೆಯ ವಿಚಾರ. ನೀರನ್ನು ಸೋಸಿ ಕುಡಿಯುವ ನಿಯಮವು ಎಲ್ಲ ಭಾಷೆಯ ಜೈನರನ್ನು ಒಂದೇ ನೂಲಿನಿಂದ ಕಟ್ಟಿದೆ. ಕನ್ನಡದ ಮನೆಯಲ್ಲಿ ಗಾಳಿಸಿದ ನೀರು, ಮರಾಠಿ ಮನೆಯಲ್ಲಿ ಗಾಳಣೆ, ಹಿಂದಿ ಮನೆಯಲ್ಲಿ ಛನ್ನಾ. ಸೊಸೆಯಾಗಿ ಬಂದವಳು ಯಾವ ಭಾಷೆಯ ತವರಿನಿಂದ ಬಂದಿದ್ದರೂ ಅತ್ತೆಯ ಮನೆಯ ಕೊಡದ ಬಾಯಿಗೆ ಕಟ್ಟಿದ ಬಟ್ಟೆಯನ್ನು ಗುರುತಿಸದೆ ಇರಲಾರಳು. ನಿಯಮದ ವಿವರ ಎಲ್ಲರಿಗೂ ತಿಳಿದುದೇ: 36 ಅಂಗುಲ ಉದ್ದ, 24 ಅಂಗುಲ ಅಗಲದ ದಟ್ಟವಾದ ಅರಿವೆ, ಅದನ್ನು ಇಮ್ಮಡಿ ಮಾಡಿ ಸೋಸುವುದು, ಸೋಸಿದ ನೀರಿಗೆ ಒಂದು ಮುಹೂರ್ತ, ಅಂದರೆ 48 ನಿಮಿಷಗಳ ಅವಧಿ, ಚೆನ್ನಾಗಿ ಕುದಿಸಿದುದಕ್ಕೆ 24 ಗಂಟೆ. ಸೋಸಿದ ಬಳಿಕ ಅರಿವೆಯನ್ನು ತಿರುವಿ, ಅದರ ಮೇಲೆ ಸೋಸಿದ ನೀರನ್ನೇ ಹನಿಸಿ, ಉಳಿದ ಜೀವಗಳನ್ನು ಅದೇ ಬಾವಿಗೆ, ಮೇಲಿನಿಂದ ಎಸೆಯದೆ, ಪಾತ್ರೆಯನ್ನು ನೀರಿನ ಮಟ್ಟದವರೆಗೆ ಇಳಿಸಿ ಬಿಡಬೇಕು. ಬೇರೊಂದು ನೀರಿಗೆ ಬಿಟ್ಟರೆ ಅವು ಬದುಕಲಾರವೆಂದು ಈ ನಿಯಮ. ಈ ಕೊನೆಯ ಅಂಗವನ್ನು ಇಂದು ಎಷ್ಟು ಮನೆಗಳು ಪಾಲಿಸುತ್ತವೆ ಎಂದು ಕೇಳದಿರುವುದೇ ಲೇಸು. ನಲ್ಲಿಗೆ ಬಟ್ಟೆ ಕಟ್ಟಿದೊಡನೆ ನಿಯಮ ಮುಗಿಯಿತೆಂದು ಭಾವಿಸುವವರು ಬಹಳ.

ಅರಿವೆಯಲ್ಲಿ ಉಳಿಯುವುದು ಏನು? ಒಳ್ಳೆಯ ದಟ್ಟ ಬಟ್ಟೆಯ ಪದರುಗಳ ನಡುವಿನ ಕಿಂಡಿ ಸುಮಾರು 20 ಮೈಕ್ರಾನ್, ಅಂದರೆ ಒಂದು ಮಿಲಿಮೀಟರಿನ ಐವತ್ತನೆಯ ಒಂದು ಪಾಲು. ಕೋಪಿಪಾಡಿನಂಥ ಜೀವಿಗಳು ಇದರಲ್ಲಿ ಹಾಯಲಾರವು. ಬಿಡಿಯಾದ ಬ್ಯಾಕ್ಟೀರಿಯಾ ಇದಕ್ಕಿಂತ ಹತ್ತರಷ್ಟು ಸಣ್ಣದು, ಹಾಯ್ದು ಹೋಗುತ್ತದೆ. ಆ ಕೋಪಿಪಾಡ್ ಚಲಿಸುತ್ತದೆ, ಮೀಸೆಯಿಂದ ಸ್ಪರ್ಶವನ್ನರಿಯುತ್ತದೆ, ಬೆಳಕನ್ನು ಅರಿಯುವ ಒಂದು ಕಣ್ಣು ಅದಕ್ಕುಂಟು; ಅದು ತ್ರಸಜೀವ. ಅಣುವ್ರತಿಯಾದ ಶ್ರಾವಕನು ಸಂಕಲ್ಪಪೂರ್ವಕ ಘಾತವನ್ನು ಬಿಟ್ಟಿರುವುದು ತ್ರಸಜೀವಗಳದು. ಅವನ ವ್ರತದ ಮೇರೆಯೂ ಅವನ ಅರಿವೆಯ ಮೇರೆಯೂ ಹೆಚ್ಚುಕಡಿಮೆ ಒಂದೇ ಸ್ಥಳದಲ್ಲಿ ಬೀಳುತ್ತವೆ. ಇದರಿಂದ ದೊಡ್ಡ ಸಿದ್ಧಾಂತವನ್ನೇನೂ ಕಟ್ಟಬೇಕಾಗಿಲ್ಲ; ಕೈಯಲ್ಲಿರುವ ಸಾಧನದಿಂದ ಸಾಧ್ಯವಾದಷ್ಟನ್ನು ವ್ರತವಾಗಿ ವಿಧಿಸಿದರೆಂಬ ವಿವೇಕವನ್ನು ಕಂಡರೆ ಸಾಕು.

ಅರಿವೆಯು ಮನುಷ್ಯನನ್ನೂ ಕಾಯ್ದಿದೆ. ಉತ್ತರ ಕರ್ನಾಟಕದಲ್ಲಿ ನಾರುಹುಣ್ಣು, ಮರಾಠಿಯಲ್ಲಿ ನಾರು ಎಂದು ಕರೆಯುತ್ತಿದ್ದ ಬೇನೆ ಹಿರಿಯರಿಗೆ ನೆನಪಿರಬೇಕು. ಕಾಲಿನ ಹುಣ್ಣಿನಿಂದ ಮೊಳಗಟ್ಟಲೆ ಉದ್ದದ ಹುಳು ಹೊರಬರುತ್ತಿತ್ತು. ಅದನ್ನು ಕಡ್ಡಿಗೆ ಸುತ್ತಿ ದಿನಕ್ಕಿಷ್ಟು ಎಳೆಯುತ್ತಿದ್ದರು. ಆ ಹುಳುವಿನ ಮರಿಯು ಮನುಷ್ಯನನ್ನು ಸೇರುತ್ತಿದ್ದುದು ಮೆಟ್ಟಿಲುಬಾವಿಯ ನೀರಿನ ಸೈಕ್ಲಾಪ್ಸ್ ಎಂಬ ಕೋಪಿಪಾಡಿನೊಳಗೆ ಕುಳಿತು. ಭಾರತದಲ್ಲಿ ಕೊನೆಯ ರೋಗಿ ಕಂಡುದು 1996ರಲ್ಲಿ, ರಾಜಸ್ಥಾನದಲ್ಲಿ. 2000ದಲ್ಲಿ ದೇಶವು ಈ ಬೇನೆಯಿಂದ ಮುಕ್ತವೆಂದು ವಿಶ್ವ ಆರೋಗ್ಯ ಸಂಸ್ಥೆ ಸಾರಿತು. ಇದಕ್ಕೆ ಒದಗಿದ ಉಪಾಯಗಳಲ್ಲಿ ಒಂದು ನೀರನ್ನು ಬಟ್ಟೆಯಲ್ಲಿ ಸೋಸುವುದು. ಮೆಟ್ಟಿಲುಬಾವಿಗಳನ್ನು ಮುಚ್ಚಿದುದು, ನೀರಿಗೆ ಸೈಕ್ಲಾಪ್ಸ್‌ನಾಶಕ ಔಷಧವನ್ನು ಹಾಕಿದುದು ಕೂಡ ಅದರ ಭಾಗವೇ. ಅದನ್ನು ಮರೆಮಾಚುವುದು ಸರಿಯಲ್ಲ.

ಕಾಲರಾದ ಮೂಲಸ್ಥಾನವಾದ ಬಂಗಾಲದ ಕಡೆಯಲ್ಲಿಯೂ ಇದೇ ಪರೀಕ್ಷೆ ನಡೆಯಿತು. ರೀಟಾ ಕಾಲ್ವೆಲ್ ಎಂಬ ವಿಜ್ಞಾನಿ ಮತ್ತು ಅವರ ಸಂಗಡಿಗರು ಬಾಂಗ್ಲಾದೇಶದ 65 ಹಳ್ಳಿಗಳಲ್ಲಿ ಹಳೆಯ ಹತ್ತಿ ಸೀರೆಯನ್ನು ಹಲವು ಪದರಾಗಿ ಮಡಿಸಿ ನೀರು ಸೋಸಲು ಹೆಂಗಸರಿಗೆ ಕಲಿಸಿದರು. ಸೋಸಿದ ಹಳ್ಳಿಗಳಲ್ಲಿ ಕಾಲರಾ 48 ಪ್ರತಿಶತ ಇಳಿಯಿತೆಂದು 2003ರಲ್ಲಿ ಪ್ರಕಟಿಸಿದರು. ಒಗೆದು ಒಗೆದು ಎಳೆ ಉಬ್ಬಿದ ಹಳೆಯ ಬಟ್ಟೆಯೇ ಹೊಸದಕ್ಕಿಂತ ಮೇಲೆಂಬುದು ಅವರ ಅನುಭವ. ಬಿಡಿ ಬ್ಯಾಕ್ಟೀರಿಯಾ ಬಟ್ಟೆಯನ್ನು ಹಾಯ್ದರೂ, ಕೋಪಿಪಾಡಿಗೆ ಅಂಟಿದ ಸಾವಿರಾರು ವಿಬ್ರಿಯೊಗಳು ಅದರೊಡನೆಯೇ ಉಳಿದುಹೋಗುತ್ತವೆ.

ಇಂಥ ಫಲಿತಾಂಶವನ್ನು ಉತ್ಸವದ ವೇದಿಕೆಯಲ್ಲಿ ಹೇಳಿದರೆ ಚಪ್ಪಾಳೆ ಬೀಳುವುದು ಸಹಜ. ಆದರೆ ಇಲ್ಲಿ ಸೂಕ್ಷ್ಮವಾದ ಒಂದು ವ್ಯತ್ಯಾಸವಿದೆ. ಬಾಂಗ್ಲಾದ ತಾಯಿ ಸೋಸಿದುದು ತನ್ನ ಮಗುವನ್ನು ನೀರಿನ ಜೀವಿಯಿಂದ ಕಾಯಲು. ಶ್ರಾವಿಕೆ ಸೋಸುವುದು ನೀರಿನ ಜೀವಿಯನ್ನು ತನ್ನಿಂದ ಕಾಯಲು. ಬಟ್ಟೆ ಒಂದೇ, ಮುಖ ಬೇರೆ. ನಾಳೆ ಪ್ರಯೋಗಾಲಯವೊಂದು ಸೋಸುವುದರಿಂದ ಆರೋಗ್ಯಕ್ಕೆ ಏನೂ ಪ್ರಯೋಜನವಿಲ್ಲವೆಂದು ಹೇಳಿದರೂ ಶ್ರಾವಿಕೆ ಅರಿವೆಯನ್ನು ಬಿಚ್ಚಿಡಲು ಕಾರಣವಿಲ್ಲ. ಆರೋಗ್ಯದ ಆಸೆಗೆ ಮಾತ್ರ ಸೋಸುವವನು ಮನೆಗೆ ವಿದ್ಯುತ್ ಶೋಧಕ ಯಂತ್ರ ಬಂದ ದಿನವೇ ಬಟ್ಟೆಯನ್ನು ಎಸೆಯುತ್ತಾನೆ, ಮತ್ತು ಹಲವರು ಎಸೆದಿದ್ದಾರೆ.

ಆದರೂ ಬ್ಲೀಚಿಂಗ್ ಪುಡಿಯ ಪ್ರಶ್ನೆ ಹಾಗೆಯೇ ಉಳಿಯಿತು. ಗೃಹಸ್ಥನ ಹಿಂಸೆಯನ್ನು ಸಂಕಲ್ಪಿ, ಆರಂಭಿ, ಉದ್ಯೋಗಿ, ವಿರೋಧಿ ಎಂದು ನಾಲ್ಕಾಗಿ ವಿಂಗಡಿಸುವ ಪದ್ಧತಿಯುಂಟು. ಕೊಲ್ಲಬೇಕೆಂದೇ ಕೊಲ್ಲುವುದು ಮೊದಲನೆಯದು, ಅದು ಪೂರ್ಣ ತ್ಯಾಜ್ಯ. ಅಡಿಗೆ, ಕಸಗುಡಿಸುವುದು ಮೊದಲಾದ ಮನೆಗೆಲಸದಲ್ಲಿ ಆಗುವುದು ಆರಂಭಿ. ಜೀವನೋಪಾಯದ ವೃತ್ತಿಯಲ್ಲಿ ಆಗುವುದು ಉದ್ಯೋಗಿ. ಆಕ್ರಮಿಸಿದವನನ್ನು ತಡೆಯುವಾಗ ಆಗುವುದು ವಿರೋಧಿ. ರೋಗಾಣುವನ್ನು ಕೊಲ್ಲುವುದನ್ನು ವಿರೋಧಿ ಹಿಂಸೆಯಲ್ಲಿ ಸೇರಿಸಿ ಸಮಾಧಾನ ಪಡುವವರು ಹೆಚ್ಚು. ವಿಚಾರಿಸಿ ನೋಡಿದರೆ ಅದು ಸರಿಹೋಗುವುದಿಲ್ಲ. ವಿರೋಧವೆಂದರೆ ಎದುರಿಗೊಬ್ಬ ವಿರೋಧಿ ಬೇಕು, ಅವನಿಗೆ ದ್ವೇಷ ಬೇಕು. ಮನಸ್ಸೇ ಇಲ್ಲದ ವಿಬ್ರಿಯೊ ಯಾರ ವೈರಿಯೂ ಅಲ್ಲ. ಅದನ್ನು ವೈರಿಯೆಂದು ಕರೆದರೆ ಬೆಳೆಯುವುದು ಕರೆದವನ ಕಷಾಯವೇ. ಯುದ್ಧ, ಸಂಹಾರ, ನಿರ್ನಾಮ ಎಂಬ ಶಬ್ದಗಳು ಬಂದಲ್ಲಿ ಅಳತೆ ಉಳಿಯುವುದಿಲ್ಲ. ನೀರನ್ನು ಶುದ್ಧಗೊಳಿಸುವುದನ್ನು ಅಡಿಗೆ ಮತ್ತು ಗುಡಿಸುವುದರ ಜತೆಯಲ್ಲಿ ಆರಂಭಿಯಲ್ಲಿಡುವುದು ಯೋಗ್ಯ. ಆಗ ಅದಕ್ಕೆ ಗೃಹಕೃತ್ಯದ ನಿಯಮಗಳೇ ಅನ್ವಯಿಸುತ್ತವೆ: ಅವಶ್ಯವಿದ್ದಾಗ, ಅವಶ್ಯವಿದ್ದಷ್ಟು, ನೋಡಿಕೊಂಡು, ಮಾಡಿದುದಕ್ಕೆ ಪ್ರತಿಕ್ರಮಣದ ಭಾವವಿಟ್ಟು. ಮುನಿಗಳ ಆಹಾರಕ್ಕೆಂದು ನೀರನ್ನು ಕುದಿಸಿ ಪ್ರಾಸುಕ ಮಾಡುವ ಗೃಹಸ್ಥನೂ ಜಲಕಾಯ ಜೀವಗಳ ವಿಷಯದಲ್ಲಿ ಇದೇ ಹೊಣೆಯನ್ನು ಹೊತ್ತಿರುತ್ತಾನೆ.

ಹೀಗೆ ಅಳತೆಯ ಮಾತು ಬಂದಾಗ ಆತ್ಮಪರೀಕ್ಷೆ ಬಾವಿಯ ಕಟ್ಟೆಯನ್ನು ಬಿಟ್ಟು ಔಷಧದಂಗಡಿಯ ಬಾಗಿಲಿಗೂ ಹೋಗಬೇಕಾಗುತ್ತದೆ. ಅವಶ್ಯಕತೆಯಿಲ್ಲದ ಹೊಲವನ್ನು ಉತ್ತ ರೈತನ ಪ್ರಶ್ನೆ ಇಲ್ಲಿಗೆ ಸೇರಿದ್ದು. ಮೂರು ಗುಣವ್ರತಗಳಲ್ಲಿ ಒಂದು ಅನರ್ಥದಂಡವಿರತಿ, ಪ್ರಯೋಜನವಿಲ್ಲದ ಹಿಂಸೆಯನ್ನು ಬಿಡುವುದು. ನೆಗಡಿಗೆ ಕಾರಣ ವೈರಾಣು. ಆಂಟಿಬಯೋಟಿಕ್ ಮಾತ್ರೆ ವೈರಾಣುವನ್ನು ಮುಟ್ಟುವುದೇ ಇಲ್ಲ. ಆದರೂ ವೈದ್ಯರನ್ನು ಕೇಳದೆ ಅಂಗಡಿಯಿಂದ ನಾಲ್ಕು ಗುಳಿಗೆ ತಂದು ನುಂಗುವವನು ನೆಗಡಿಯನ್ನು ವಾಸಿಮಾಡಿಕೊಳ್ಳುವುದಿಲ್ಲ, ಕರುಳಿನಲ್ಲಿ ಅವನಿಗೆ ಸೇವೆ ಸಲ್ಲಿಸುತ್ತಿದ್ದ ಕೋಟ್ಯಂತರ ಜೀವಿಗಳನ್ನು ಮಾತ್ರ ನಾಶಪಡಿಸುತ್ತಾನೆ. ಚಾತುರ್ಮಾಸದಲ್ಲಿ ಸೊಪ್ಪುಪಲ್ಯ ಬಿಟ್ಟವನೂ ಗಡ್ಡೆಗೆಣಸು ಮುಟ್ಟದವನೂ ಇದನ್ನು ಹಿಂಸೆಯೆಂದು ಎಣಿಸದಿರುವುದು ಆಶ್ಚರ್ಯ. ಇದರ ಫಲ ಇಲ್ಲಿಯೇ ಸಿಗುವುದೂ ಉಂಟು. ಹಳೆಯ ನಿವಾಸಿಗಳು ಅಳಿದ ಕರುಳಿನಲ್ಲಿ ಕ್ಲಾಸ್ಟ್ರಿಡಿಯಮ್ ಜಾತಿಯ ಒಂದು ಬ್ಯಾಕ್ಟೀರಿಯಾ ತಲೆಯೆತ್ತಿ ಪ್ರಾಣಾಂತಿಕವಾದ ಭೇದಿಯನ್ನು ತರಬಲ್ಲದು. ಅಲ್ಲಿಯವರೆಗೆ ಅದನ್ನು ಅಡಗಿಸಿಟ್ಟಿದ್ದವು ಸತ್ತ ಆ ನೆರೆಹೊರೆಯವೇ. ಔಷಧಕ್ಕೆ ಬಗ್ಗದೆ ಉಳಿದ ಬ್ಯಾಕ್ಟೀರಿಯಾಗಳು ವೃದ್ಧಿಯಾಗಿ, 2019ರ ಒಂದೇ ವರ್ಷದಲ್ಲಿ ಜಗತ್ತಿನಾದ್ಯಂತ ಸುಮಾರು 12.7 ಲಕ್ಷ ಜನರ ಸಾವಿಗೆ ನೇರ ಕಾರಣವಾದುವೆಂದು ಒಂದು ಅಂತಾರಾಷ್ಟ್ರೀಯ ಅಧ್ಯಯನದ ಅಂದಾಜು. ಒಬ್ಬನ ಪ್ರಮಾದದ ಬೆಲೆಯನ್ನು ಎಲ್ಲಿಯೋ ಇರುವ ಇನ್ನೊಬ್ಬರ ಕೂಸು ತೆರುತ್ತದೆ.

ಇದರ ಎದುರು ತುದಿಯ ತಪ್ಪೂ ಉಂಟು. ಜೀವಹಿಂಸೆಯಾಗುವುದೆಂದು ನ್ಯುಮೋನಿಯಾ ಆದ ಮಗುವಿಗೆ ಆಂಟಿಬಯೋಟಿಕ್ ಕೊಡಿಸದ ತಂದೆ ಅಹಿಂಸಾವ್ರತಿಯಲ್ಲ. ತನ್ನ ಶರೀರದ ಮಟ್ಟಿಗೆ ತ್ಯಾಗದ ನಿರ್ಣಯ ಮಾಡಲು ವ್ರತಿಗೆ ಅಧಿಕಾರವಿದೆ. ಮಗುವಿನ ಉಸಿರನ್ನು ತನ್ನ ವ್ರತಕ್ಕೆ ಒತ್ತೆಯಿಡಲು ಯಾರಿಗೂ ಅಧಿಕಾರವಿಲ್ಲ. ಒಂದಿಂದ್ರಿಯದ ಜೀವಕ್ಕೂ ಐದಿಂದ್ರಿಯದ ಮನಸ್ಸುಳ್ಳ ಜೀವಕ್ಕೂ ಭೇದವನ್ನು ಎಣಿಸಿಯೇ ಶ್ರಾವಕಾಚಾರಗಳು ರಚಿತವಾಗಿವೆ.

ಕಾಲರಾದ ಮುಖ್ಯ ಚಿಕಿತ್ಸೆಯಾದರೋ ಯಾವ ಜೀವವನ್ನೂ ಕೊಲ್ಲುವುದೇ ಇಲ್ಲ. ವಿಬ್ರಿಯೊದ ವಿಷವು ಲವಣವನ್ನು ಹೊರಗೆ ಬಿಡುವ ಬಾಗಿಲನ್ನು ತೆರೆದಿಟ್ಟರೂ, ಸಕ್ಕರೆಯೊಡನೆ ಲವಣವನ್ನು ಒಳಗೆ ಸೆಳೆಯುವ ಇನ್ನೊಂದು ಬಾಗಿಲು ಕೆಡದೆ ಉಳಿದಿರುತ್ತದೆ. ಆದುದರಿಂದ ಉಪ್ಪು ಮತ್ತು ಸಕ್ಕರೆ ಎರಡನ್ನೂ ತಕ್ಕ ಪ್ರಮಾಣದಲ್ಲಿ ಬೆರೆಸಿ ಕುಡಿಸಿದರೆ ಹೋದ ನೀರು ಮರಳುತ್ತದೆ. 1971ರಲ್ಲಿ ಬನಗಾಂವ್‌ನ ನಿರಾಶ್ರಿತರ ಶಿಬಿರದಲ್ಲಿ, ಶಿರಕ್ಕೆ ಕೊಡುವ ದ್ರವ ಮುಗಿದುಹೋದಾಗ, ವೈದ್ಯ ದಿಲೀಪ ಮಹಲನಾಬಿಸ್ ಡ್ರಮ್ಮುಗಳಲ್ಲಿ ಈ ಪಾನಕವನ್ನು ಕಲಸಿ, ರೋಗಿಯ ಮನೆಯವರ ಕೈಯಿಂದಲೇ ಕುಡಿಸಿದರು. ನೂರಕ್ಕೆ 30ರಷ್ಟಿದ್ದ ಸಾವು 4ಕ್ಕಿಂತ ಕೆಳಗಿಳಿಯಿತು. 2022ರಲ್ಲಿ ಅವರು ತೀರಿಕೊಂಡರು. ಮರುವರ್ಷ ಭಾರತ ಸರಕಾರ ಅವರಿಗೆ ಮರಣೋತ್ತರ ಪದ್ಮವಿಭೂಷಣವನ್ನಿತ್ತಿತು. ಕುದಿಸಿ ಆರಿಸಿದ ಒಂದು ಲೀಟರ್ ನೀರಿಗೆ ಸಮತಟ್ಟಾದ ಆರು ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು: ಈ ಪ್ರಮಾಣವನ್ನು ಉತ್ಸವದ ಅಡಿಗೆಮನೆಯ ಗೋಡೆಗೆ ಬರೆದಿಡುವುದು ಒಳಿತು. ತೀವ್ರವಾದ ರೋಗಿಗೆ ಇದನ್ನು ಕುಡಿಸುತ್ತಲೇ ಆಸ್ಪತ್ರೆಗೆ ಒಯ್ಯಬೇಕು. ಅಲ್ಲಿ ಆಂಟಿಬಯೋಟಿಕ್ ಬೇಕೆನಿಸಿದರೆ ವೈದ್ಯರು ಕೊಡುವರು.

ಇಷ್ಟೆಲ್ಲ ತಿಳಿದ ಮೇಲೆ ಮಂಡಳಿಯ ಆ ಇಬ್ಬರು ಹಿರಿಯರು ಒಂದೇ ಚಾಪೆಯ ಮೇಲೆ ಕುಳಿತು ಲೆಕ್ಕ ಹಾಕಬಹುದು. ಒಳ್ಳೆಯ ಬ್ಲೀಚಿಂಗ್ ಪುಡಿಯಾದರೆ ಸಾವಿರ ಲೀಟರ್ ನೀರಿಗೆ ಬೇಕಾಗುವುದು ಸುಮಾರು 2.5 ಗ್ರಾಂ. ಅಷ್ಟರಿಂದ ಲೀಟರಿಗೆ ಒಂದು ಮಿಲಿಗ್ರಾಮಿಗಿಂತ ಕಡಿಮೆ ಕ್ಲೋರಿನ್ ಸೇರಿ, ಒಂದು ಗಂಟೆಯಲ್ಲಿ ವಿಬ್ರಿಯೊದಂಥವು ಸಾಯುತ್ತವೆ. ಸೈಕ್ಲಾಪ್ಸ್ ಸಾಯಲು ಲೀಟರಿಗೆ 5 ಮಿಲಿಗ್ರಾಂ ಬೇಕೆಂದು ವೈದ್ಯಶಾಸ್ತ್ರದ ಪಠ್ಯಗಳು ಹೇಳುತ್ತವೆ. ಎಂದರೆ ಅಳೆದು ಹಾಕಿದರೆ ತ್ರಸಜೀವಗಳು ಬಹುಪಾಲು ಉಳಿಯುತ್ತವೆ. ‘ಇರಲಿ, ಇನ್ನೊಂದಿಷ್ಟು’ ಎಂದು ಬುಟ್ಟಿಯಿಂದ ಸುರಿದರೆ ಎಲ್ಲವೂ ಹೋಗುತ್ತವೆ. ಯತ್ನಾಚಾರಕ್ಕೂ ಪ್ರಮಾದಕ್ಕೂ ಇರುವ ಅಂತರವು ಇಲ್ಲಿ ತಕ್ಕಡಿಯಲ್ಲಿಯೇ ಕಾಣುತ್ತದೆ.

ಬಾವಿಗೇ ಪುಡಿ ಹಾಕದಿರುವ ಮಾರ್ಗವೂ ಒಂದಿದೆ. ಬಾವಿಯಿಂದ ಸೇದಿದ ನೀರನ್ನು ಮೊದಲು ಅರಿವೆಯಲ್ಲಿ ಸೋಸುವುದು. ಉಳಿದ ಜೀವಗಳನ್ನು ಪುಡಿ ಸೋಕದ ಅದೇ ಬಾವಿಗೆ ಇಳಿಸಿಬಿಡುವುದು. ಸೋಸಿದ ನೀರನ್ನು ಟಾಕಿಯಲ್ಲಿ ತುಂಬಿ, ಆ ಟಾಕಿಗೆ ಮಾತ್ರ ಅಳೆದ ಪುಡಿಯನ್ನು ಸೇರಿಸುವುದು ಅಥವಾ ಕುಡಿಯುವ ನೀರನ್ನೆಲ್ಲ ಕುದಿಸುವುದು. ಬಚ್ಚಲು ಶೌಚಾಲಯಗಳನ್ನು ಬಾವಿಯಿಂದ ದೂರವಿಟ್ಟು, ಬಡಿಸುವವರ ಕೈಗೆ ಸಾಬೂನು ಒದಗಿಸಿದರೆ ಎಷ್ಟೋ ಪುಡಿಯ ಅವಶ್ಯಕತೆಯೇ ತಪ್ಪುತ್ತದೆ. ಊರಿನಲ್ಲಿ ಆಗಲೇ ವಾಂತಿಭೇದಿ ಕಾಣಿಸಿಕೊಂಡಿದ್ದರೆ ಮಾತು ಬೇರೆ. ಆರೋಗ್ಯ ಇಲಾಖೆಯವರು ಬಾವಿಗೆ ಔಷಧ ಹಾಕಲು ಬಂದಾಗ ಬಸದಿಯ ಬಾಗಿಲು ತೆರೆದಿರಬೇಕು.

ಟಾಕಿಯ ಮಾರ್ಗದಲ್ಲಿ ಶ್ರಮ ಹೆಚ್ಚು. ಸಾವಿರಾರು ಜನರ ನೀರನ್ನು ಅರಿವೆಯಿಂದ ಸೋಸುವುದು ಒಬ್ಬಿಬ್ಬರ ಕೆಲಸವಲ್ಲ. ಪಂಪು ಹಚ್ಚಿ ನೇರವಾಗಿ ತುಂಬುವುದು ಅರ್ಧ ಗಂಟೆಯ ಕೆಲಸವಾದರೆ, ಇದಕ್ಕೆ ಉತ್ಸವದ ಹಿಂದಿನ ದಿನವಿಡೀ ಬೇಕು. ಅರಿವೆಯ ನಾಲ್ಕು ಮೂಲೆಗಳನ್ನು ಹಿಡಿಯುವವರು, ಸರದಿಯಲ್ಲಿ ಸೇದುವವರು, ಉಳಿದುದನ್ನು ಕೂಡಲೇ ಬಾವಿಗೆ ಇಳಿಸುವವರು, ಪುಡಿಯನ್ನು ತೂಗುವವರು ಬೇಕು. ಸಭೆಯ ನಡಾವಳಿಯ ಪುಸ್ತಕದಲ್ಲಿ ಪಲ್ಲಕ್ಕಿ ಹೊರುವವರ ಹೆಸರುಗಳನ್ನು ಬರೆಯುವ ಪುಟದ ಮುಂದಿನ ಪುಟ ಸಾಮಾನ್ಯವಾಗಿ ಖಾಲಿಯಿರುತ್ತದೆ.